ತಾಯಿಯ ಜೀವ ಉಳಿಸುವ ಲೆಕ್ಕ



ನಿಮ್ಮ ಕೊಟ್ಟಿಗೆಯ ಹಸು ಒಂದು ಹೊತ್ತು ಅರ್ಧ ಲೀಟರು ಹಾಲು ಕಡಿಮೆ ಕೊಟ್ಟರೆ ನೀವು ಗಾಬರಿಪಡುವುದಿಲ್ಲ. ಆದರೆ ಡೇರಿಯ ಪುಸ್ತಕದಲ್ಲಿ ಹತ್ತು ದಿನವೂ ಅಳತೆ ಇಳಿಯುತ್ತಲೇ ಬಂದಿದ್ದರೆ ಮೇವು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ಪಶುವೈದ್ಯರನ್ನು ಕರೆಯುತ್ತೀರಿ. ಒಂದು ದಿನದ ಅಂಕಿ ಏನನ್ನೂ ಹೇಳಲಾರದು. ಸಾಲಾಗಿ ಬರೆದಿಟ್ಟ ಅಂಕಿಗಳು ರೋಗವನ್ನು ತೋರಿಸಿಕೊಡುತ್ತವೆ.

ಆಸ್ಪತ್ರೆಗೂ ಇದೇ ಮಾತು ಸಲ್ಲುತ್ತದೆ. ಒಬ್ಬ ಬಾಣಂತಿ ತೀರಿಕೊಂಡರೆ ‘ಹಣೆಬರಹ’ ಎಂದು ಕಣ್ಣೊರೆಸಿಕೊಳ್ಳುತ್ತೇವೆ. ತಿಂಗಳು ತಿಂಗಳಿನ ಲೆಕ್ಕ ಬರೆದಿಟ್ಟರೆ, ಅದರಲ್ಲಿ ಹಣೆಬರಹವೆಷ್ಟು, ಕೈತಪ್ಪು ಎಷ್ಟು ಎಂಬುದು ತಿಳಿದುಬರುತ್ತದೆ. ಇದಕ್ಕೆ ಒಂದು ನಿಜವಾದ ನಿದರ್ಶನ ಉಂಟು.

ವಿಯೆನ್ನಾ ನಗರದ ಎರಡು ವಾರ್ಡುಗಳು

ಯೂರೋಪಿನ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಾರ್ಡುಗಳಿದ್ದವು. ಒಂದನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ಮಾಡಿಸುತ್ತಿದ್ದರು. ಬಂದ ಗರ್ಭಿಣಿಯರನ್ನು ದಿನ ಬಿಟ್ಟು ದಿನ ಒಂದೊಂದು ವಾರ್ಡಿಗೆ ಸೇರಿಸಿಕೊಳ್ಳುತ್ತಿದ್ದರು.

1846ರಲ್ಲಿ ಒಂದನೆಯ ವಾರ್ಡಿನಲ್ಲಿ ನೂರಕ್ಕೆ 11 ಮಂದಿ ತಾಯಂದಿರು ಸತ್ತರು. ಎರಡನೆಯದರಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತ ಕಡಿಮೆ. ಸಾವಿಗೆ ಮುಖ್ಯ ಕಾರಣ ಬಾಣಂತಿ ಜ್ವರ. ಊರಿನ ಹೆಂಗಸರಿಗೆ ಈ ಸಂಗತಿ ಗೊತ್ತಿತ್ತು. ಒಂದನೆಯ ವಾರ್ಡಿಗೆ ಹಾಕಬೇಡಿರೆಂದು ಅವರು ಕಾಲು ಹಿಡಿದು ಬೇಡುತ್ತಿದ್ದರು.

ಅಲ್ಲಿದ್ದ ಇಗ್ನಾಝ್ ಸೆಮ್ಮೆಲ್ವೈಸ್ ಎಂಬ ಯುವ ವೈದ್ಯನಿಗೆ ಈ ಲೆಕ್ಕ ನಿದ್ದೆಗೆಡಿಸಿತು. ಗಾಳಿ ಕೆಟ್ಟದ್ದೆನ್ನೋಣವೆಂದರೆ ಎರಡು ವಾರ್ಡಿಗೂ ಒಂದೇ ಗಾಳಿ. ಬಂದವರೂ ಒಂದೇ ತೆರನಾದ ಬಡ ಹೆಂಗಸರು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

1847ರಲ್ಲಿ ಅವನ ಗೆಳೆಯ, ವೈದ್ಯ ಕೊಲ್ಲೆಚ್ಕ, ಶವಪರೀಕ್ಷೆಯ ಹೊತ್ತಿನಲ್ಲಿ ಚಾಕು ತಗುಲಿ ಗಾಯಗೊಂಡು ಸತ್ತ. ಅವನ ದೇಹದಲ್ಲಿ ಕಂಡ ಚಿಹ್ನೆಗಳು ಬಾಣಂತಿ ಜ್ವರದಲ್ಲಿ ಕಾಣುವಂಥವೇ ಆಗಿದ್ದವು. ಆಗ ಸೆಮ್ಮೆಲ್ವೈಸನಿಗೆ ವಿಷಯ ಹೊಳೆಯಿತು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ.

ಆ ವರ್ಷದ ಮೇ ತಿಂಗಳ ನಡುವೆ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯತಕ್ಕದ್ದೆಂದು ಅವನು ವಿಧಿಸಿದ. ಲೆಕ್ಕವನ್ನು ನೋಡಿರಿ:

ಏಪ್ರಿಲ್ 1847: ನೂರಕ್ಕೆ 18 ಸಾವು
ಜೂನ್ 1847: ನೂರಕ್ಕೆ 2
ಜುಲೈ 1847: ನೂರಕ್ಕೆ 1

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರಿನಲ್ಲಿ ಒಂದು ಸಾಲಿನ 12 ಮಂದಿಯಲ್ಲಿ 11 ಮಂದಿ ಸತ್ತರು. ಆ ಸಾಲಿನ ಮೊದಲ ಮಂಚದಲ್ಲಿ ಕೀವು ಸೋರುವ ಹುಣ್ಣಿನ ರೋಗಿಯೊಬ್ಬಳಿದ್ದಳು. ಅವಳನ್ನು ಪರೀಕ್ಷಿಸಿದ ಕೈಗಳನ್ನು ಬರಿಯ ಸಾಬೂನಿನಿಂದ ತೊಳೆದು ಮುಂದಿನವರನ್ನು ಮುಟ್ಟಿದ್ದರು. ಅಂದಿನಿಂದ ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೂ ಸುಣ್ಣದ ನೀರಿನಲ್ಲೇ ಕೈ ತೊಳೆಯುವ ನಿಯಮ ಬಂತು. ಗೆದ್ದೆವೆಂದು ಲೆಕ್ಕ ಬರೆಯುವುದನ್ನು ನಿಲ್ಲಿಸಿದ್ದರೆ ಈ ತಪ್ಪು ಸಿಕ್ಕುತ್ತಿರಲಿಲ್ಲ.

ನಮ್ಮ ನಾಡಿನ ಲೆಕ್ಕ

2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟಿದರೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದು ಸಂತೋಷದ ವಿಷಯವೇ ಸರಿ. ಆದರೆ ನಾಡಿನ ಸರಾಸರಿ ಇಳಿದರೆ ಒಂದೊಂದು ಆಸ್ಪತ್ರೆಯೂ ನೆಟ್ಟಗಿದೆಯೆಂದು ಅರ್ಥವಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ತಾಯಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಅವರಿಗೆ ಡ್ರಿಪ್ಪಿನಲ್ಲಿ ಕೊಟ್ಟ ದ್ರವದ ಮೇಲೆ ಅನುಮಾನ ಬಿತ್ತು. ಸರ್ಕಾರವು ಅದರ ಬಳಕೆಯನ್ನು ನಿಲ್ಲಿಸಿ ತನಿಖೆಗೆ ಆಜ್ಞೆ ಮಾಡಿತು. ಸಾವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮಾತ್ರ ಇಂಥ ಅನುಮಾನ ಹುಟ್ಟೀತು.

ಲೆಕ್ಕ ಓದುವ ಬಗೆ

ಲೆಕ್ಕ ಓದುವಾಗ ಮೂರು ಎಚ್ಚರಿಕೆಗಳಿರಲಿ.

1. ಬರಿಯ ಸಾವಿನ ಸಂಖ್ಯೆಯನ್ನು ನೋಡಬಾರದು. ಎಷ್ಟು ಹೆರಿಗೆಗೆ ಎಷ್ಟು ಎಂದು ಕೇಳಬೇಕು.

2. ಜಿಲ್ಲಾ ಆಸ್ಪತ್ರೆಗೆ ಕಷ್ಟದ ಹೆರಿಗೆಗಳೇ ಬರುತ್ತವೆ. ಅದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದೊಡನೆ ಹೋಲಿಸುವುದು ನ್ಯಾಯವಲ್ಲ. ಒಂದು ಆಸ್ಪತ್ರೆಯನ್ನು ಅದರ ಹಿಂದಿನ ವರ್ಷದೊಡನೆ ಹೋಲಿಸಿರಿ.

3. ಸಣ್ಣ ಕೇಂದ್ರದಲ್ಲಿ ಹೆರಿಗೆಗಳೇ ಕಡಿಮೆ. ಅಲ್ಲಿ ಸಾವಿಗಾಗಿ ಕಾಯದೆ ಜ್ವರ, ಹೊಲಿಗೆಯಲ್ಲಿ ಕೀವು, ಮದ್ದು ಅದಲುಬದಲಾದದ್ದು, ಇವನ್ನೇ ಲೆಕ್ಕವಿಡಬೇಕು. ಬೆಳೆಯಲ್ಲಿ ಹುಳುವಿನ ಮೊಟ್ಟೆ ಕಂಡಾಗಲೇ ಎಚ್ಚರಗೊಳ್ಳುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಮಾಡಬೇಕಾದ್ದು

ಆಸ್ಪತ್ರೆಯ ಲೆಕ್ಕದಲ್ಲಿ ಒಂದು ದೊಡ್ಡ ತೂತು ಉಂಟು. ಬಾಣಂತಿಗೆ ಜ್ವರ ಬರುವುದು ಬಹಳ ಸಲ ಮನೆಗೆ ಮರಳಿದ ಮೇಲೆ. ಮನೆಯವರು ಹೇಳದಿದ್ದರೆ ಹೆರಿಗೆ ಮಾಡಿಸಿದವರಿಗೆ ಅದು ತಿಳಿಯುವುದೇ ಇಲ್ಲ. ಆ ತೂತನ್ನು ಮುಚ್ಚುವ ಶಕ್ತಿ ನಿಮ್ಮ ಕೈಯಲ್ಲಿದೆ.

ಹೆರಿಗೆಯಾಗಿ 42 ದಿನಗಳವರೆಗೆ ಜ್ವರ, ನಾರುವ ಸ್ರಾವ, ಹೆಚ್ಚು ರಕ್ತ, ಹೊಲಿಗೆಯಲ್ಲಿ ಕೀವು, ವಿಪರೀತ ತಲೆನೋವು ಅಥವಾ ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲೆಂದು ಕಾಯಬೇಡಿರಿ. ಆಶಾ ಕಾರ್ಯಕರ್ತೆಗೂ ತಿಳಿಸಿರಿ. ತಾಯಿ ಕಾರ್ಡನ್ನೂ ಬಿಡುಗಡೆಯ ಚೀಟಿಯನ್ನೂ ಒಂದೇ ಚೀಲದಲ್ಲಿಟ್ಟು ಕಾಪಾಡಿರಿ. ಯಾವ ಮದ್ದು ಮೈಗೆ ಒಗ್ಗದೆಂಬುದನ್ನು ಮೊದಲೇ ಹೇಳಿರಿ. ‘ಅಮ್ಮಾ, ಕೈ ತೊಳೆದಿರಾ?’ ಎಂದು ನರ್ಸಮ್ಮನವರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ನಿಮ್ಮೂರಿನವರು ನಾಲ್ಕು ಅಂಕಿಗಳನ್ನು ತಿಂಗಳು ತಿಂಗಳೂ ಕೇಳಲಿ: ಹೆರಿಗೆ ಎಷ್ಟು? ಜ್ವರ ಅಥವಾ ಕೀವು ಎಷ್ಟು ಮಂದಿಗೆ? ಬೇರೆ ಆಸ್ಪತ್ರೆಗೆ ಕಳಿಸಿದ್ದು ಎಷ್ಟು? ಸಾವು ಎಷ್ಟು? ರೋಗಿಯ ಹೆಸರು ಬೇಡ, ಅಂಕಿ ಸಾಕು.

ಕೊನೆಯದಾಗಿ ಒಂದು ಮಾತು. ಲೆಕ್ಕ ತೋರಿಸಿದವರ ಮೇಲೆಯೇ ಕೂಗಾಡಿದರೆ ಮುಂದಿನ ತಿಂಗಳು ಲೆಕ್ಕ ಮುಚ್ಚಿಡುತ್ತಾರೆ. ಸೆಮ್ಮೆಲ್ವೈಸನ ಮಾತನ್ನು ಅವನ ಕಾಲದ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ಸಾವು ಬಂತೆಂಬುದನ್ನು ಅವರ ಮನಸ್ಸು ತಾಳಲಿಲ್ಲ. ‘ತಪ್ಪು ಯಾರದು?’ ಎಂಬುದಕ್ಕಿಂತ ಮೊದಲು ‘ತಪ್ಪು ಎಲ್ಲಿ ನುಸುಳಿತು?’ ಎಂದು ಕೇಳೋಣ. ಮನೆಯ ಮಗಳು ಬಾಣಂತನ ಮುಗಿಸಿ ನಗುತ್ತ ಮಗುವನ್ನೆತ್ತಿಕೊಳ್ಳುವುದಕ್ಕಿಂತ ದೊಡ್ಡ ಫಸಲು ಯಾವುದಿದೆ?

ಚಾವಡಿಯಲ್ಲಿ ಚರ್ಚಿಸಿರಿ

1. ಒಂದು ಆಸ್ಪತ್ರೆಯಲ್ಲಿ 40 ಹೆರಿಗೆಗೆ 2 ಮಂದಿಗೆ ಜ್ವರ. ಇನ್ನೊಂದರಲ್ಲಿ 200 ಹೆರಿಗೆಗೆ 6 ಮಂದಿಗೆ. ನೂರಕ್ಕೆ ಲೆಕ್ಕ ಹಾಕಿದರೆ ಎಲ್ಲಿ ಜ್ವರ ಹೆಚ್ಚು?
2. ಕಳೆದ ವರ್ಷ ನಮ್ಮೂರಿನಲ್ಲಿ ಮನೆಗೆ ಬಂದ ಮೇಲೆ ಜ್ವರ ಕಂಡ ಬಾಣಂತಿಯರೆಷ್ಟು? ಅದನ್ನು ಯಾರಿಗಾದರೂ ತಿಳಿಸಿದೆವೆ?