ತಿನ್ನುವ ಹಣ್ಣು ಬೇರೆ, ಹುಳಿಸುವ ಹಣ್ಣು ಬೇರೆ

ತಿಕೋಟಾ, ಬಬಲೇಶ್ವರದ ಕಡೆ ಹೊಸದಾಗಿ ತೋಟಕ್ಕಿಳಿದ ತಮ್ಮನಿಗೆ,

ಬಿಸಿಲುನಾಡಿನಲ್ಲೂ ಸೇಬು ಬರುತ್ತದಂತೆ, ಎರಡು ಎಕರೆ ಹಚ್ಚಿ ಇಂಗ್ಲೆಂಡಿನವರ ಹಾಗೆ ಸೈಡರ್ ಮಾಡಿದರೆ ಹೇಗೆ ಎಂಬ ಮಾತು ನಿನ್ನ ವಾರಿಗೆಯವರಲ್ಲಿ ಓಡಾಡುತ್ತಿದೆ. ಸೈಡರ್ ಎಂದರೆ ಸೇಬಿನ ರಸ ಹುಳಿಸಿ ಮಾಡುವ ಮದ್ಯ. ಸೇಬು ಬರುತ್ತದೆ ಎಂಬುದು ಸುಳ್ಳಲ್ಲ. ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಎಚ್‌ಆರ್‌ಎಂಎನ್-99 ಇವೆಲ್ಲ ಕಡಿಮೆ ಚಳಿಗೆ ಹೂಬಿಡುವ ತಳಿಗಳು. ಆದರೆ ಸೈಡರಿಗೆ ಹೆಸರಾದ ಹಳೆಯ ತಳಿಗಳಿಗೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ತಾಸು ಸಿಗಬೇಕು. ವಿಜಯಪುರದ ಡಿಸೆಂಬರ್ ರಾತ್ರಿಗಳಲ್ಲಿ ಅಷ್ಟು ತಾಸಿನ ಚಳಿ ಸಿಗುವುದೇ ಇಲ್ಲ. ನಮ್ಮಲ್ಲಿ ಬರುವುದು ತಿನ್ನುವ ಸೇಬು, ಸೈಡರಿಗೆ ಬೇಕಾದದ್ದು ಬೇರೆ. ಸೇಬನ್ನು ಬಿಡು, ಆದರೆ ಅದರ ಹಿಂದಿನ ಪಾಠವನ್ನು ಬಿಡಬೇಡ. ಆ ಪಾಠ ನಿನ್ನ ದ್ರಾಕ್ಷಿ ಪಡಕ್ಕೆ ನೇರವಾಗಿ ಸಲ್ಲುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದವರು 1903ರಲ್ಲಿಯೇ ಸೈಡರ್ ಸೇಬುಗಳನ್ನು ಒಗರು ಮತ್ತು ಹುಳಿಯ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಿದರು. ರಸದಲ್ಲಿ ಒಗರಿನಂಶ (ಟ್ಯಾನಿನ್) ಶೇ 0.2 ದಾಟಿದರೆ ಒಗರು ಜಾತಿ, ಆಮ್ಲ ಶೇ 0.45 ದಾಟಿದರೆ ಹುಳಿ ಜಾತಿ. ಒಗರೂ ಹುಳಿಯೂ ಕೂಡಿದ ಕಿಂಗ್‌ಸ್ಟನ್ ಬ್ಲ್ಯಾಕ್‌ನಂಥ ಹಣ್ಣನ್ನು ಕಚ್ಚಿದವನು ಉಗುಳಿಬಿಡುತ್ತಾನೆ, ಆದರೆ ಪೀಪಾಯಿಗೆ ಅದೇ ಬೆಲೆಯುಳ್ಳದ್ದು. ರಸ ಹುಳಿಯುವಾಗ ಸಕ್ಕರೆಯೆಲ್ಲ ಮದ್ಯವಾಗಿ ತೀರಿಹೋಗುತ್ತದೆ. ಆಮೇಲೆ ನಾಲಿಗೆಗೆ ಸಿಗುವುದು ಹುಳಿ, ಒಗರು, ಪರಿಮಳ ಮಾತ್ರ. ಬರೀ ಸಿಹಿಯಾಗಿದ್ದ ಹಣ್ಣಿನಿಂದ ಬರುವುದು ಸಪ್ಪೆ ಪೇಯ.

ಈಗ ನಮ್ಮ ಹಣ್ಣನ್ನು ನೋಡು. ತಿಕೋಟಾ ಸುತ್ತಿನ ಪಡಗಳಲ್ಲಿ ಥಾಮ್ಸನ್ ಮತ್ತು ಅದರಿಂದ ಆರಿಸಿದ ಸೋನಾಕಾ, ಮಾಣಿಕ್ ಚಮನ್ ತಳಿಗಳದ್ದೇ ರಾಜ್ಯ. ಇವು ಒಣದ್ರಾಕ್ಷಿಗೆ ಹೇಳಿ ಮಾಡಿಸಿದವು: ತೆಳು ಸಿಪ್ಪೆ, ಬೀಜವಿಲ್ಲ, ತುಂಬು ಸಕ್ಕರೆ. ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಯ ಮೇಲೆ ಹರವಿದರೆ ಎರಡು ವಾರದ ಆಸುಪಾಸಿನಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮನೂಕವಾಗುತ್ತದೆ. ಆದರೆ ಒಗರು ಇರುವುದೇ ಬೀಜ ಮತ್ತು ಸಿಪ್ಪೆಯಲ್ಲಿ. ಬೀಜ ಮೊದಲೇ ಇಲ್ಲ. ಜಿಎ (ಜಿಬ್ಬರೆಲಿಕ್ ಆಮ್ಲ) ಹೊಡೆದು ಕಾಳು ಉಬ್ಬಿಸಿದರೆ ತಿರುಳಿನ ಲೆಕ್ಕಕ್ಕೆ ಸಿಪ್ಪೆಯೂ ಕಡಿಮೆಯಾಗುತ್ತದೆ. 'ಒಣದ್ರಾಕ್ಷಿ ರೇಟು ಬಿದ್ದ ವರ್ಷ ಅದನ್ನೇ ವೈನ್ ಮಾಡಿಬಿಡೋಣ' ಎನ್ನುವವರ ಲೆಕ್ಕ ಇಲ್ಲೇ ತಪ್ಪುತ್ತದೆ. ಥಾಮ್ಸನ್‌ನಿಂದ ವೈನ್ ಆಗುವುದೇ ಇಲ್ಲವೆಂದಲ್ಲ. ಆಗುತ್ತದೆ, ಆದರೆ ಅದನ್ನು ಹೆಸರು ಹಿಡಿದು ಕೇಳಿ ಕೊಳ್ಳುವವರಿರುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಮಾಡುವವನು ಬದುಕುವುದು ಹಾಗೆ ಕೇಳಿ ಕೊಳ್ಳುವವರಿಂದಲೇ.

ಹಾಗಾದರೆ ಹುಳಿಯಿರುವ ತಳಿ ಹಚ್ಚಿದರೆ ಮುಗಿಯಿತೇ? ಇಲ್ಲ. ಅಕ್ಟೋಬರ್ ಚಾಟ್ನಿಯ (ಟೊಂಗೆ ಸವರಿದ) ಪಡ ಮಾಗುವುದು ಫೆಬ್ರವರಿ–ಮಾರ್ಚಿನಲ್ಲಿ, ಬಿಸಿಲೇರುವ ಹೊತ್ತಿಗೆ. ರಾತ್ರಿಯೂ ಬೆಚ್ಚಗಾದರೆ ಕಾಳಿನೊಳಗಿನ ಮ್ಯಾಲಿಕ್ ಆಮ್ಲ ಉರಿದುಹೋಗುತ್ತದೆ. ಒಣದ್ರಾಕ್ಷಿಯವನಿಗೆ ಅದು ಲಾಭ, ವೈನಿನವನಿಗೆ ನಷ್ಟ. ಚಾಟ್ನಿಯನ್ನು ಸೆಪ್ಟೆಂಬರಿಗೆ ತಂದರೆ ಹಣ್ಣು ಚಳಿಯಲ್ಲೇ ಮಾಗುತ್ತದೆ, ಆದರೆ ನಮ್ಮಲ್ಲಿ ಮಳೆ ಜೋರಾಗಿರುವ ತಿಂಗಳೂ ಅದೇ. ಎಳೆ ಚಿಗುರಿಗೆ ಡೌನಿ ರೋಗ ಬಿದ್ದರೆ ಗೊನೆಯೇ ಉಳಿಯದು. ಸೆಪ್ಟೆಂಬರ್ ಕೊನೆಯ ವಾರ, ನೀರು ನಿಲ್ಲದ ಇಳಿಜಾರು ಮಡ್ಡಿ ನೆಲ, ಗಾಳಿಯಾಡುವಷ್ಟು ಟೊಂಗೆ: ನನ್ನ ಎಣಿಕೆಯಲ್ಲಿ ಇದು ನಡುದಾರಿ. ಕೊಯ್ಲಿಗೆ ಮೀಟರಿನ ಸಕ್ಕರೆ ಅಂಕಿಯೊಂದನ್ನೇ ನಂಬಬೇಡ. ಬಿಸಿಲು ಮಗ್ಗುಲ ಗೊನೆಯಿಂದ ಕೆಲವು ಕಾಳು, ನೆರಳಿನದರಿಂದ ಕೆಲವು ಬಿಡಿಸಿ ಬಾಯಿಗೆ ಹಾಕಿಕೋ. ಬೀಜವನ್ನು ಹಲ್ಲಿನಿಂದ ಒಡೆ. ಹಸಿರಾಗಿ ಮೆತ್ತಗಿದ್ದು ಕಹಿ ಬಿಟ್ಟರೆ ಇನ್ನೂ ದಿನ ಬೇಕು. ಕಂದಾಗಿ ಕಟಕ್ ಎಂದು ಮುರಿಯಬೇಕು, ಆಗಲೂ ತಿರುಳಿನಲ್ಲಿ ಹುಳಿ ಉಳಿದಿರಬೇಕು. ಭೂರಿಗೆಂದು (ಬೂದಿ ರೋಗಕ್ಕೆಂದು) ಗಂಧಕ ಹೊಡೆಯುವುದನ್ನೂ ಕೊಯ್ಲಿಗೆ ಬಹಳ ಮೊದಲೇ ನಿಲ್ಲಿಸು, ಇಲ್ಲದಿದ್ದರೆ ಹುಳಿಯುವ ರಸದಿಂದ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.

ತಳಿಯ ವಿಷಯದಲ್ಲಿ ಎಲ್ಲರೂ ಶಿರಾಜ್, ಕ್ಯಾಬರ್ನೆ ಎನ್ನುತ್ತಾರೆ. ಬಿಸಿ ಸೀಮೆಯಲ್ಲೂ ಹುಳಿ ಹಿಡಿದಿಡುವ ಶೆನಿನ್ ಬ್ಲಾಂಕ್ ನನಗೆ ಹೆಚ್ಚು ಸರಿಕಾಣುತ್ತದೆ. ನಮ್ಮದೇ ನಾಡಿನವೂ ಇವೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂವನ್ನು ತಾಯಿಯಾಗಿಟ್ಟು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ತಂದರು. ಇವು ನಮ್ಮ ಮಡ್ಡಿಗೆ ಒಗ್ಗುತ್ತವೆಯೇ ಎಂದು ಒಂದು ಸಾಲು ಹಚ್ಚಿ ನೋಡುವುದರಲ್ಲಿ ತಪ್ಪೇನು?

ನಿನ್ನ ಮನೆಯ ಹಿರಿಯರು ಎತ್ತುವ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಹಸಿ ಹಣ್ಣಿಗೆ ರೇಟು ಸಿಗದಿದ್ದರೆ ಥಾಮ್ಸನ್ ಶೆಡ್ಡಿಗೆ ಹೋಗುತ್ತದೆ, ಒಣಗಿದ್ದು ಕೋಲ್ಡ್ ಸ್ಟೋರೇಜಿನಲ್ಲಿ ಕುಳಿತು ರೇಟಿಗೆ ಕಾಯುತ್ತದೆ. ಬೀಜವಿರುವ ವೈನ್ ದ್ರಾಕ್ಷಿಗೆ ಆ ದಾರಿಯಿಲ್ಲ, ವೈನರಿಯವನು ಬಾರದಿದ್ದರೆ ಗೊನೆಯಲ್ಲೇ ಕೊಳೆಯಬೇಕು. ರಾಜ್ಯದ ವೈನ್ ನೀತಿ 2007ರಲ್ಲೇ ಬಂತು, ಆದರೂ ತಿಕೋಟಾದ ಹಣ್ಣು ಇವತ್ತಿಗೂ ಶೆಡ್ಡಿಗೇ ಹೋಗುತ್ತಿದೆ. ರೈತ ದಡ್ಡನಾದ್ದರಿಂದ ಅಲ್ಲ, ಈ ಭಯ ನಿಜವಾದ್ದರಿಂದ. ಅದಕ್ಕೇ ಹೇಳುತ್ತೇನೆ, ಇರುವ ಪಡವನ್ನು ಕಿತ್ತು ಹಾಕಬೇಡ. ಡಾಗ್‌ರಿಡ್ಜ್ ಬೇರಿನ ಮೇಲೆ ನಿಂತ ಗಿಡಗಳಲ್ಲಿ ಅರ್ಧ ಎಕರೆಗಷ್ಟೇ ಹೊಸ ಕಸಿ ಕಟ್ಟು, ಅದೂ ಕೊಳ್ಳುವವನು ಕಾಗದದ ಮೇಲೆ ಸಹಿ ಹಾಕಿದ ಮೇಲೆ.

ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಮದ್ಯದ ಬೆಳೆಯೇ ಎಂದು ಕೇಳುವವರಿದ್ದಾರೆ. ಅವರನ್ನು ಹಗುರಾಗಿ ಕಾಣಬೇಡ, ಕುಡಿತದಿಂದ ಹಾಳಾದ ಮನೆಗಳು ಎಲ್ಲ ಊರಲ್ಲೂ ಇವೆ. ನಿನಗೂ ಮನಸ್ಸು ಒಪ್ಪದಿದ್ದರೆ ಅದೇ ಹುಳಿ ದ್ರಾಕ್ಷಿಯ ರಸವನ್ನು ಹುಳಿಸದೆ ಕಾಯಿಸಿ ಬಾಟಲಿಗೆ ತುಂಬು. ಬೆಂಗಳೂರು ಬ್ಲೂ ಜ್ಯೂಸಿಗೂ ಹೆಸರಾದದ್ದೇ, ಅದಕ್ಕೆ ಆಹಾರ ಸುರಕ್ಷತೆಯ ಲೈಸೆನ್ಸ್ ಸಾಕು. ವೈನೇ ಬೇಕೆಂದರೆ ಅಬಕಾರಿ ಪರವಾನಗಿ ಕೈಗೆ ಬರುವ ತನಕ ಒಂದು ಬಾಟಲಿಯನ್ನೂ ಮಾಡಬೇಡ, ಮಾರಬೇಡ. ಕಸಿಗೆ ಕೈ ಹಾಕುವ ಮೊದಲು ತಿಡಗುಂದಿಯ ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಹೋಗಿ ನಿನ್ನ ಬೋರಿನ ನೀರನ್ನೂ ಮಣ್ಣನ್ನೂ ತೋರಿಸು. ಉಪ್ಪು ಹೆಚ್ಚಿದ್ದರೆ ಯಾವ ತಳಿ ಎಂಬ ಚರ್ಚೆಯನ್ನೇ ಮೊದಲಿನಿಂದ ಮಾಡಬೇಕಾಗುತ್ತದೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಹಿರಿಯ