ದನಿಯೊಂದು, ಪಾತ್ರ ಹಲವು

ರಂಗದ ಮೇಲಿನ ನಟನಿಗೆ ಮುಖಭಾವವುಂಟು, ಅಂಗಚಲನೆಯುಂಟು, ವೇಷಭೂಷಣಗಳುಂಟು. ಬಾನುಲಿಯಲ್ಲಿ ಮಾತನಾಡುವವರಿಗೂ ಚಲಿಸುವ ಚಿತ್ರದ ಗೊಂಬೆಗಳಿಗೆ ದನಿ ಕೊಡುವವರಿಗೂ ಇರುವುದು ಕಂಠವೊಂದೇ. ನಗು, ದುಃಖ, ಆದರ, ಎಚ್ಚರಿಕೆ ಎಲ್ಲವನ್ನೂ ಅವರು ಅದರಿಂದಲೇ ಮೂಡಿಸಬೇಕು. ಕನ್ನಡ ನಾಡಿನಲ್ಲಿ ಕಂಠದ ಈ ಕಲೆಯನ್ನು ಹಲವು ಬಗೆಯಲ್ಲಿ ಬೆಳಗಿಸಿದವರಲ್ಲಿ ಅಪರ್ಣಾ ಅವರು ಒಬ್ಬರು.

1966ರಲ್ಲಿ ಜನಿಸಿದ ಅಪರ್ಣಾ ಅವರು ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದ ಮೂಲಕ ಕಲಾಜೀವನವನ್ನು ಪ್ರವೇಶಿಸಿದರು. ಆದರೆ ಅವರಿಗೆ ಸ್ಥಿರವಾದ ಕೀರ್ತಿಯನ್ನು ತಂದುದು ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಅವರು ಮಾಡಿದ ನಿರೂಪಣೆ. 1998ರ ದೀಪಾವಳಿಯ ಸಂದರ್ಭದಲ್ಲಿ ಅವರು ಸತತವಾಗಿ ಎಂಟು ಗಂಟೆಗಳ ಕಾಲ ಕಾರ್ಯಕ್ರಮ ನಿರೂಪಿಸಿದರು. ಅಷ್ಟು ಹೊತ್ತು ಉಸಿರನ್ನು ಹದವಾಗಿ ಬಳಸಿ, ಪದದ ತುದಿ ನುಂಗದಂತೆ ಮಾತನಾಡುವುದು ದೀರ್ಘ ಅಭ್ಯಾಸದ ಫಲವೇ ಸರಿ.

2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ‘ನಮ್ಮ ಮೆಟ್ರೋ’ ಸಂಚಾರ ಆರಂಭವಾಯಿತು. ಅದರ ಕನ್ನಡ ಪ್ರಕಟಣೆಗಳಿಗೆ ದನಿಯಾದವರು ಅಪರ್ಣಾ. ಮುಂದೆ ಈ ರೈಲು ನಗರದ ಪಶ್ಚಿಮಕ್ಕೂ ಚಾಚಿತು. 2015ರಲ್ಲಿ ವಿಜಯನಗರವನ್ನೂ 2021ರಲ್ಲಿ ಕೆಂಗೇರಿಯನ್ನೂ ಮುಟ್ಟಿತು. ನಿಲ್ದಾಣದ ಹೆಸರು ಹೇಳುವುದು ಸುಲಭವೆಂದು ತೋರಬಹುದು. ಆದರೆ ಹೊಸಹಳ್ಳಿಯ ‘ಳ’ಕಾರ, ಅತ್ತಿಗುಪ್ಪೆಯ ಒತ್ತುಗಳು, ದೀಪಾಂಜಲಿನಗರದ ದೀರ್ಘಗಳು ಗಾಲಿಗಳ ಸದ್ದಿನ ನಡುವೆಯೂ ಸ್ಫುಟವಾಗಿ ಕೇಳಬೇಕು. ಕಣ್ಣು ಕಾಣದ ಪ್ರಯಾಣಿಕನಿಗೆ ಆ ದನಿಯೇ ದಾರಿ. ಊರಿಗೆ ಹೊಸಬನಾದವನಿಗೆ ಅದೇ ಧೈರ್ಯ.

ಇಂತಹ ಗಂಭೀರ ಕಂಠದವರೇ ‘ಮಜಾ ಟಾಕೀಸ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ವರಲಕ್ಷ್ಮಿಯೆಂಬ ಆಡಂಬರದ ಮಾತುಗಾರ್ತಿಯಾಗಿ ಜನರನ್ನು ನಗಿಸಿದರು. ಶುದ್ಧ ಭಾಷೆಯನ್ನು ಬಲ್ಲವರಿಗೆ ಅದನ್ನು ಬೇಕೆಂದೇ ಕೆಡಿಸಿ ನಗೆ ಹುಟ್ಟಿಸುವುದೂ ತಿಳಿದಿರುತ್ತದೆ.

ಶ್ವಾಸಕೋಶದ ಕ್ಯಾನ್ಸರ್ ರೋಗಕ್ಕೆ ತುತ್ತಾಗಿ ಅವರು 2024ರ ಜುಲೈ 11ರಂದು ನಿಧನರಾದರು. ಉಸಿರನ್ನೇ ಬಂಡವಾಳವಾಗಿಸಿಕೊಂಡಿದ್ದ ಕಲಾವಿದೆಯ ಉಸಿರು ನಿಂತಿತು. ಆದರೆ ಮರುದಿನ ರೈಲನ್ನೇರಿದವರು, ಸುದ್ದಿ ಓದಿದ ಕಣ್ಣುಗಳನ್ನು ಒರೆಸಿಕೊಳ್ಳುವ ಮೊದಲೇ ಅದೇ ದನಿಯಲ್ಲಿ ತಮ್ಮ ನಿಲ್ದಾಣದ ಹೆಸರನ್ನು ಕೇಳಿದರು.

ಇಂದು ಯಂತ್ರಗಳೂ ಮನುಷ್ಯರಂತೆ ಮಾತನಾಡಬಲ್ಲವು. ಆದರೆ ಕೇಳುವವನು ದಾರಿ ತಪ್ಪಬಾರದೆಂಬ ಕಾಳಜಿ ಯಂತ್ರಕ್ಕೆ ಹುಟ್ಟಿನಿಂದ ಬಂದುದಲ್ಲ. ಆ ಕಾಳಜಿಯೇ ಉಚ್ಚಾರವನ್ನು ಕಲೆಯಾಗಿಸುತ್ತದೆ. ನಮ್ಮ ಊರಿನ, ನಮ್ಮ ಗೆಳೆಯರ ಹೆಸರನ್ನು ತಪ್ಪಿಲ್ಲದೆ ನುಡಿಯುವುದರಿಂದಲೇ ನಾವೂ ಅದನ್ನು ಕಲಿಯತೊಡಗಬಹುದು.