ಕಂಪ್ಯೂಟರ್ ದೂರದರ್ಶಕ: ಅದು ನಕ್ಷತ್ರ ತೋರಿಸೋ ಮುಂಚೆ ನಾವು ಅದಕ್ಕೆ ಏನು ಹೇಳಿಕೊಡಬೇಕು?



“ಗುಂಡಿ ಒತ್ತಿದ್ರೆ ಸಾಕು, ದೂರದರ್ಶಕ ತಾನೇ ತಿರುಗಿ ಶನಿಗ್ರಹ ತೋರಿಸ್ತದಂತೆ” ಅಂತ ಎಲ್ಲರೂ ಮಾತಾಡ್ತಾ ಇದ್ದಾರೆ. ಇದು ಅರ್ಧ ನಿಜ. ಇನ್ನರ್ಧ ಏನಂದ್ರೆ, ಅದನ್ನು ಹೊರಗೆ ತಂದು ನಿಲ್ಲಿಸಿದ ಕೂಡಲೇ ಆ ಯಂತ್ರಕ್ಕೆ ಏನೂ ಗೊತ್ತಿರೋದಿಲ್ಲ. ತಾನು ಯಾವ ಊರಿನಲ್ಲಿದ್ದೇನೆ, ಈಗ ಗಂಟೆ ಎಷ್ಟು, ತನ್ನ ಮೂತಿ ಯಾವ ಕಡೆಗಿದೆ ಎಂಬುದನ್ನೆಲ್ಲ ನಾವೇ ಹೇಳಿಕೊಡಬೇಕು. ಸರಿಯಾಗಿ ಹೇಳಿಕೊಟ್ಟರೆ ರಾತ್ರಿಯೆಲ್ಲ ದುಡಿಯುತ್ತದೆ. ತಪ್ಪು ಹೇಳಿದರೆ ಆಕಾಶದ ಖಾಲಿ ಜಾಗ ತೋರಿಸಿ “ಇದೇ ಶನಿ” ಅನ್ನುತ್ತದೆ! ಆಗ ನಾವು ಯಂತ್ರ ಕೆಟ್ಟಿದೆ ಅಂದುಕೊಂಡು ಡಬ್ಬಕ್ಕೆ ಹಾಕಿ ಬೀರುವಿನಲ್ಲಿಟ್ಟುಬಿಡ್ತೇವೆ. ಹಾಗಾಗಬಾರದು ಅಂತಲೇ ಈ ಲೇಖನ.

ಇದರೊಳಗೆ ಏನೇನಿದೆ?

ಪಾಠಕ್ಕೆ ಸುಲಭವಾಗಲಿ ಅಂತ ಸಾಮಾನ್ಯವಾಗಿ ಸಿಗುವ ಒಂದು ಅಳತೆ ತೆಗೆದುಕೊಳ್ಳೋಣ. ಕನ್ನಡಿಯ ಅಗಲ 130 ಮಿ.ಮೀ., ಸಂಗಮದೂರ 650 ಮಿ.ಮೀ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲ ತೆರೆಯುತ್ತದೆ. 130ನ್ನು 7ರಿಂದ ಭಾಗಿಸಿ ವರ್ಗ ಮಾಡಿ ನೋಡಿ. ಕನ್ನಡಿ ನಮ್ಮ ಕಣ್ಣಿಗಿಂತ ಸುಮಾರು 340 ಪಟ್ಟು ಹೆಚ್ಚು ಬೆಳಕು ಕೂಡಿಸುತ್ತದೆ. ದೂರದರ್ಶಕದ ನಿಜವಾದ ಶಕ್ತಿ ಇದೇ, ದೊಡ್ಡದು ಮಾಡಿ ತೋರಿಸೋದು ಆಮೇಲಿನ ಮಾತು.

ಎಷ್ಟು ಪಟ್ಟು ದೊಡ್ಡದಾಗಿ ಕಾಣ್ತದೆ ಅನ್ನೋದು ನಾವು ಕಣ್ಣಿಡುವ ಮಸೂರದ ಮೇಲೆ ನಿಂತಿದೆ. ಅದಕ್ಕೆ ಐಪೀಸ್ ಅನ್ನುತ್ತಾರೆ. ಲೆಕ್ಕ ಸುಲಭ: ಕನ್ನಡಿಯ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಬೇಕು. 25 ಮಿ.ಮೀ. ಐಪೀಸ್ ಹಾಕಿದರೆ 650 ÷ 25 = 26 ಪಟ್ಟು. 9 ಮಿ.ಮೀ. ಹಾಕಿದರೆ ಸುಮಾರು 72 ಪಟ್ಟು. ಹೆಚ್ಚು ದೊಡ್ಡದಾದಷ್ಟೂ ಕಾಣುವ ಆಕಾಶದ ತುಂಡು ಚಿಕ್ಕದಾಗ್ತದೆ, ಮಸುಕೂ ಆಗ್ತದೆ. ಆದ್ದರಿಂದ ಯಾವಾಗಲೂ 25 ಮಿ.ಮೀ.ನಿಂದಲೇ ಶುರು ಮಾಡಿ.

ಉಳಿದದ್ದು ಮೂರು ಕಾಲಿನ ಸ್ಟ್ಯಾಂಡು, ಎರಡು ಮೋಟಾರುಗಳು ಮತ್ತು ಕೈಯಲ್ಲಿ ಹಿಡಿಯುವ ಗುಂಡಿಪೆಟ್ಟಿಗೆ. ಒಂದು ಮೋಟಾರು ದೂರದರ್ಶಕವನ್ನು ಎಡಬಲ ತಿರುಗಿಸುತ್ತದೆ, ಇನ್ನೊಂದು ಮೇಲೆ ಕೆಳಗೆ. ಗುಂಡಿಪೆಟ್ಟಿಗೆಯೇ ಕಂಪ್ಯೂಟರು. ಸಾವಿರಾರು ಆಕಾಶಕಾಯಗಳ ವಿಳಾಸ ಅದರಲ್ಲಿ ತುಂಬಿದೆ.

ಹಗಲಿನಲ್ಲೇ ಮಾಡಿಡುವ ಕೆಲಸ

1. ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ನಿಲ್ಲಿಸಿ. ಮಟ್ಟಗುಳ್ಳೆ ನೋಡಿ ಸಮ ಮಾಡಿ. ಸ್ಟ್ಯಾಂಡಿನಲ್ಲಿ ಇಲ್ಲದಿದ್ದರೆ ಗಾರೆಯವರ ಮಟ್ಟಗೋಲು ಸಾಕು.

2. ದೂರದರ್ಶಕದ ಮೇಲೆ ಚಿಕ್ಕ ಗುರಿಕಿಂಡಿ ಇರುತ್ತದೆ. ದೂರದ ತೆಂಗಿನಮರದ ಸುಳಿಯನ್ನೋ ಗುಡಿಯ ಕಳಸವನ್ನೋ ಮೊದಲು ಐಪೀಸಿನ ನಡುವೆ ತನ್ನಿ. (ಸೂರ್ಯ ಇರುವ ಕಡೆಗೆ ಮಾತ್ರ ತಿರುಗಿಸಬೇಡಿ.) ಆಮೇಲೆ ಗುರಿಕಿಂಡಿಯ ತಿರುಪು ತಿರುಗಿಸಿ ಅದರಲ್ಲೂ ಅದೇ ತುದಿ ನಡುವೆ ಬರುವಂತೆ ಮಾಡಿ. ಈ ಕೆಲಸ ಕತ್ತಲಲ್ಲಿ ಮಾಡಲು ಹೋದರೆ ಅಳು ಬರುತ್ತದೆ. ಕಳಸ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಕನ್ನಡಿ ದೂರದರ್ಶಕದ ಗುಣವೇ ಅದು. ಆಕಾಶದಲ್ಲಿ ಮೇಲೆ ಕೆಳಗೆ ಅನ್ನೋದು ಇಲ್ಲವಲ್ಲ!

3. ವಿದ್ಯುತ್ ನೋಡಿಕೊಳ್ಳಿ. ಚಿಕ್ಕ ಶೆಲ್ಲುಗಳು ಮೋಟಾರಿಗೆ ಬೇಗ ಮುಗಿಯುತ್ತವೆ. ಶೆಲ್ ಸೋತಾಗ ಯಂತ್ರ ಮೈಮೇಲೆ ಬಂದವರ ಹಾಗೆ ಆಡುತ್ತದೆ: ತಾನೇ ತಿರುಗುತ್ತದೆ, ನಡುವೆ ನಿಲ್ಲುತ್ತದೆ, ಮೊದಲಿಂದ ಶುರುವಾಗುತ್ತದೆ. ಕೆಟ್ಟಿದೆ ಅನ್ನುವ ಮೊದಲು ಶೆಲ್ ಬದಲಿಸಿ ನೋಡಿ. 12 ವೋಲ್ಟಿನ ಬ್ಯಾಟರಿ ಜೋಡಿಸುವುದಾದರೆ ಧನ, ಋಣ ಯಾವುದು ಅಂತ ಕೈಪಿಡಿ ನೋಡಿ, ಗುರುಗಳ ಮುಂದೆಯೇ ಜೋಡಿಸಿ. ತಿರುಗುಮುರುಗು ಆದರೆ ಒಳಗಿನದು ಸುಟ್ಟುಹೋಗಬಹುದು.

ಎಚ್ಚರಿಕೆ! ಎಚ್ಚರಿಕೆ! ದೂರದರ್ಶಕದಲ್ಲಿ ಸೂರ್ಯನನ್ನು ಒಂದು ಕ್ಷಣವೂ ನೋಡಕೂಡದು. ಭೂತಗನ್ನಡಿಯಿಂದ ಕಾಗದ ಸುಟ್ಟದ್ದು ನೆನಪಿದೆಯಲ್ಲ? ಇಲ್ಲಿ ಸುಡೋದು ಕಣ್ಣು, ಅದೂ ನೋವೇ ಗೊತ್ತಾಗದ ಹಾಗೆ. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ಐಪೀಸಿಗೆ ತಿರುಗಿಸಿ ಹಾಕುವ ಕಪ್ಪುಗಾಜು ಯಾವುದನ್ನೂ ನಂಬಬೇಡಿ. ಸೂರ್ಯನಿಗಾಗಿಯೇ ಮಾಡಿದ ಸೋಸುಹಾಳೆಯನ್ನು ದೂರದರ್ಶಕದ ಮುಂಬಾಯಿಗೆ ಪೂರ್ತಿ ಮುಚ್ಚಿ, ಹಿರಿಯರು ಜೊತೆಗಿದ್ದರೆ ಮಾತ್ರ ನೋಡಬಹುದು. ಇಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೆಯೇ ಮುಚ್ಚಳ ತೆಗೆಯಿರಿ.

ಊರು, ತಾರೀಖು, ಗಂಟೆ

ಸಂಜೆ ನೋಡಲು ಅರ್ಧ ಗಂಟೆ ಮೊದಲೇ ದೂರದರ್ಶಕವನ್ನು ಬಯಲಿಗೆ ತನ್ನಿ. ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಒಲೆಯ ಮೇಲಿನ ಗಾಳಿಯಂತೆ ಚಿತ್ರ ನಡುಗುತ್ತದೆ. ಈಗ ಗುಂಡಿಪೆಟ್ಟಿಗೆ ಪ್ರಶ್ನೆ ಕೇಳಲು ಶುರು ಮಾಡುತ್ತದೆ.

ಊರು: ಪಟ್ಟಿಯಲ್ಲಿ ನಮ್ಮ ಊರು ಇರೋದಿಲ್ಲ. ಹತ್ತಿರದ ಪಟ್ಟಣ ಕೊಟ್ಟರೂ ನಡೀತದೆ. ಅಕ್ಷಾಂಶದ 1 ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ., ಹಾಗಾಗಿ ಐವತ್ತು ಕಿ.ಮೀ. ಆಚೀಚೆ ಆದರೂ ತಪ್ಪು ಅರ್ಧ ಡಿಗ್ರಿಯೊಳಗೇ. ಸಂಖ್ಯೆಯಲ್ಲೇ ಕೊಡುವುದಾದರೆ ಬೆಂಗಳೂರು ಉತ್ತರ ಅಕ್ಷಾಂಶ 12°58′, ಪೂರ್ವ ರೇಖಾಂಶ 77°35′. ಕಲಬುರಗಿ ಸುಮಾರು 17°20′, 76°50′. “ಪೂರ್ವ” ಅನ್ನೋದನ್ನು ಮರೆತು “ಪಶ್ಚಿಮ” ಒತ್ತಿದರೆ ಯಂತ್ರ ಭೂಮಿಯ ಆಚೆ ಕಡೆಯ ಆಕಾಶ ಹುಡುಕುತ್ತದೆ.

ತಾರೀಖು: ಅಮೆರಿಕದ ಕಂಪನಿಗಳ ಯಂತ್ರದಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಡಿಸೆಂಬರ್ 5 ಅನ್ನಲು 12/05 ಬರೆಯಬೇಕು. ನಮ್ಮ ರೂಢಿಯಂತೆ 05/12 ಬರೆದರೆ ಅದು ಮೇ 12ರ ಆಕಾಶ ಲೆಕ್ಕ ಹಾಕುತ್ತದೆ.

ಗಂಟೆ: ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಇಲ್ಲಿ. ಭಾರತದ ಗಡಿಯಾರ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಪ್ರಮಾಣ ರೇಖಾಂಶ 82.5 ಡಿಗ್ರಿ, ಅದನ್ನು 15ರಿಂದ ಭಾಗಿಸಿದರೆ 5.5 ಬಂತಲ್ಲ? ಯಂತ್ರದಲ್ಲಿ 5.5 ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ವಲಯ ಸೊನ್ನೆ ಕೊಟ್ಟು, ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆದು ಬರೆಯಿರಿ. ರಾತ್ರಿ 8 ಗಂಟೆ ಅಂದರೆ 14:30. ಆ ಅರ್ಧ ಗಂಟೆಯನ್ನು ಬಿಟ್ಟರೆ ಆಕಾಶ 7.5 ಡಿಗ್ರಿ ತಪ್ಪುತ್ತದೆ. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. 25 ಮಿ.ಮೀ. ಐಪೀಸಿನಲ್ಲಿ ಕಾಣುವುದು ಸುಮಾರು 2 ಡಿಗ್ರಿ ಆಕಾಶ ಅಷ್ಟೆ. ಯಂತ್ರ ಹೋಗಿ ನಿಂತ ಕಡೆ ಬೇರೆ ಯಾವುದೋ ಚುಕ್ಕೆ ಇರುತ್ತದೆ, ನಾವು ಅದನ್ನೇ ನಂಬಿಬಿಡ್ತೇವೆ. ಇನ್ನೊಂದು ಪ್ರಶ್ನೆ ಬೇಸಿಗೆ ಸಮಯದ ಬಗ್ಗೆ. ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, “ಇಲ್ಲ” ಅನ್ನಿ.

ಎರಡು ನಕ್ಷತ್ರ ಯಾಕೆ?

ಈಗ ಯಂತ್ರ “ನಿನಗೆ ಗೊತ್ತಿರೋ ನಕ್ಷತ್ರ ತೋರಿಸು” ಅನ್ನುತ್ತದೆ. ಒಂದು ತೋರಿಸಿದರೆ ಸಾಲದು, ಎರಡು ಬೇಕು. ಯಾಕಂದ್ರೆ, ನೀವು ಓದುತ್ತಿರುವ ಈ ಹಾಳೆಯನ್ನೇ ನೋಡಿ. ಒಂದೇ ಮೊಳೆ ಹೊಡೆದರೆ ಗಾಳಿಗೆ ಆ ಮೊಳೆಯ ಸುತ್ತ ತಿರುಗುತ್ತದೆ. ಎರಡನೇ ಮೊಳೆ ಹೊಡೆದರೆ ಅಲ್ಲಾಡೋದಿಲ್ಲ. ಮೊಳೆಗಳು ಪಕ್ಕಪಕ್ಕದಲ್ಲೇ ಇದ್ದರೆ ಆಗಲೂ ಹಾಳೆ ಜೋಲುತ್ತದೆ. ಆಕಾಶವೂ ಹಾಗೇ. ಒಂದಕ್ಕೊಂದು ದೂರವಿರುವ ಎರಡು ನಕ್ಷತ್ರ ತೋರಿಸಿದರೆ ಯಂತ್ರದೊಳಗಿನ ನಕಾಶೆ ಭದ್ರವಾಗಿ ಕೂರುತ್ತದೆ.

ಗುಂಡಿಪೆಟ್ಟಿಗೆಯಲ್ಲಿ ಹೆಸರುಗಳು ಪರದೇಶದವು. ನಮ್ಮ ಹೆಸರು ಜೊತೆಗೆ ಕಲಿಯಿರಿ:
ಲುಬ್ಧಕ – ಸಿರಿಯಸ್
ರೋಹಿಣಿ – ಆಲ್ಡಿಬರಾನ್
ಆರ್ದ್ರಾ – ಬೀಟಲ್‌ಜೂಸ್
ಬ್ರಹ್ಮಹೃದಯ – ಕೆಪೆಲ್ಲಾ
ಮಘಾ – ರೆಗ್ಯುಲಸ್
ಚಿತ್ತಾ – ಸ್ಪೈಕಾ
ಸ್ವಾತಿ – ಆರ್ಕ್‌ಟ್ಯೂರಸ್
ಜ್ಯೇಷ್ಠಾ – ಆಂಟಾರಿಸ್
ಅಭಿಜಿತ್ – ವೇಗಾ
ಶ್ರವಣ – ಆಲ್ಟೇರ್

ಜನವರಿಯಿಂದ ಮಾರ್ಚ್‌ವರೆಗೆ ರಾತ್ರಿ 8ಕ್ಕೆ ಲುಬ್ಧಕ ಮತ್ತು ಬ್ರಹ್ಮಹೃದಯ ಒಳ್ಳೆ ಜೋಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ರಾತ್ರಿ 9ಕ್ಕೆ ಸ್ವಾತಿ ಮತ್ತು ಮಘಾ. ಅಕ್ಟೋಬರ್, ನವೆಂಬರ್‌ನಲ್ಲಿ ವಾಯವ್ಯದ ಅಭಿಜಿತ್ ಮತ್ತು ದಕ್ಷಿಣದ ಒಂಟಿ ನಕ್ಷತ್ರ ಫೋಮಲ್‌ಹಾಟ್. ಮಳೆಗಾಲದಲ್ಲಿ ದೂರದರ್ಶಕಕ್ಕೆ ರಜೆ. ತೇವ ಹೀರುವ ಪುಟ್ಟ ಪೊಟ್ಟಣ ಜೊತೆಗಿಟ್ಟು ಒಣಜಾಗದಲ್ಲಿಡಿ, ಕನ್ನಡಿಗೆ ಬೂಷ್ಟು ಹಿಡಿಯಬಾರದು.

ರೋಹಿಣಿ, ಆರ್ದ್ರಾ, ಮಘಾ ಅಂದ ಕೂಡಲೇ ಮನೆಯಲ್ಲಿ ಅಜ್ಜ “ಅವು ಮಳೆ ಹೆಸರು” ಅನ್ನುತ್ತಾರೆ. ಅದೂ ಸರಿ. ಸೂರ್ಯ ಯಾವ ನಕ್ಷತ್ರದ ಕಡೆ ಇರುತ್ತಾನೋ ಆ ಮಳೆಗೆ ಆ ಹೆಸರು. ಆಗಸ್ಟ್ ಮಧ್ಯದಲ್ಲಿ ಮಘಾ ಮಳೆ ಹುಟ್ಟುವಾಗ ಸೂರ್ಯ ಮಘಾ ನಕ್ಷತ್ರದ ಹತ್ತಿರ ಇರುತ್ತಾನೆ. ಹಾಗಾಗಿ ಆ ದಿನಗಳಲ್ಲಿ ಮೋಡ ಇಲ್ಲದಿದ್ದರೂ ಆ ನಕ್ಷತ್ರ ಕಾಣೋದಿಲ್ಲ! ಆರು ತಿಂಗಳ ನಂತರ ಫೆಬ್ರವರಿಯಲ್ಲಿ ಅದು ರಾತ್ರಿಯೆಲ್ಲ ಕಾಣ್ತದೆ.

ನಕ್ಷತ್ರವನ್ನು ಮೊದಲು ಗುರಿಕಿಂಡಿಯಲ್ಲಿ, ಆಮೇಲೆ ಐಪೀಸಿನ ನಟ್ಟನಡುವೆ ತಂದು ಗುಂಡಿ ಒತ್ತಿ. ದೂರ ಹೋಗಲು ವೇಗ 9, ಹತ್ತಿರ ಬಂದ ಮೇಲೆ ವೇಗ ಇಳಿಸಿ. ಮೋಟಾರಿನ ಹಲ್ಲುಗಳಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಕೊನೆಯ ಚೂರು ಸರಿಸುವಾಗ ಪ್ರತಿ ಸಲವೂ ಒಂದೇ ದಿಕ್ಕಿನ ಗುಂಡಿ ಬಳಸಿದರೆ ಆ ಸಡಿಲ ಕಾಡೋದಿಲ್ಲ. ಎರಡೂ ಮುಗಿದ ಮೇಲೆ ಮೂರನೇ ಗೊತ್ತಿರೋ ನಕ್ಷತ್ರಕ್ಕೆ ಕಳಿಸಿ ಪರೀಕ್ಷೆ ಮಾಡಿ. ಅದು ಐಪೀಸಿನೊಳಗೆ ಬಂದರೆ ಪಾಸು! ಬರದಿದ್ದರೆ ಮೊದಲಿಂದ. ಆಮೇಲೆ ಸ್ಟ್ಯಾಂಡನ್ನು ಯಾರೂ ಒದೆಯಬಾರದು, ಸರಿದರೆ ಹೇಳಿಕೊಟ್ಟದ್ದೆಲ್ಲ ಹೋಯ್ತು. ವೈರು ಕಾಲಿಗೆ ಸುತ್ತಿಕೊಳ್ಳದಂತೆ ಒಬ್ಬರು ಕಾವಲಿರಿ.

ಏನೇನು ನೋಡಬಹುದು?

ಚಂದ್ರ: ಹುಣ್ಣಿಮೆಗಿಂತ ಅಷ್ಟಮಿ ಒಳ್ಳೇದು. ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬೀಳುತ್ತದೆ.

ಗುರು: 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರನ್ನು ನೀವೂ ಕಾಣ್ತೀರಿ. ಮರುದಿನ ನೋಡಿದರೆ ಜಾಗ ಬದಲಾಗಿರುತ್ತದೆ. ಪುಸ್ತಕದಲ್ಲಿ ಬರೆದಿಡಿ.

ಶನಿ: 2025ರ ಮಾರ್ಚ್‌ನಲ್ಲಿ ಬಳೆಗಳು ನಮಗೆ ಅಂಚು ತೋರಿಸಿದ್ದವು, ಗೆರೆಯಂತೆ ತೆಳುವಾಗಿದ್ದವು. ಅಲ್ಲಿಂದ ವರ್ಷ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತವೆ.

ಒಮೆಗಾ ಸೆಂಟಾರಿ: ಲಕ್ಷಾಂತರ ನಕ್ಷತ್ರಗಳ ಉಂಡೆ. ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ಕಾಣ್ತದೆ. ಲಂಡನ್ನಿನ ಹುಡುಗರಿಗೆ ಇದು ಕ್ಷಿತಿಜದ ಮೇಲೆ ಬರೋದೇ ಇಲ್ಲ, ನಮಗೆ ಚೆನ್ನಾಗಿ ಸಿಗುತ್ತದೆ!

ಆಂಡ್ರೊಮೀಡಾ ಗೆಲಾಕ್ಸಿ: ಪುಸ್ತಕದ ಚಿತ್ರದಂತೆ ಬಣ್ಣ ನಿರೀಕ್ಷಿಸಬೇಡಿ. ಕಾಣೋದು ಬೂದಿ ಬಳಿದಂಥ ಒಂದು ಮಬ್ಬು. ಆದರೆ ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಯ್ತು. ಅದು ಬಂದು ತಲುಪಿದ್ದು ನಿಮ್ಮ ಕಣ್ಣಿಗೆ.

ಟಾರ್ಚಿಗೆ ಕೆಂಪು ಹಾಳೆ ಕಟ್ಟಿ. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ನಿಮಗೆ ಗೊತ್ತೆ? ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ವಿಜ್ಞಾನಿಗಳು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ. ಅವರ ಯಂತ್ರಕ್ಕೂ ಸರಿಯಾದ ಗಂಟೆ ಬೇಕು, ಸರಿಯಾದ ದಿಕ್ಕು ಬೇಕು.

ಕೊನೆಯ ಮಾತು

ಈಗ ಕ್ಯಾಮೆರಾದಿಂದ ಆಕಾಶ ನೋಡಿ ತಾನೇ ದಿಕ್ಕು ಗುರುತಿಸುವ ದೂರದರ್ಶಕಗಳೂ ಬಂದಿವೆ. “ಹಾಗಾದ್ರೆ ನಕ್ಷತ್ರದ ಹೆಸರು ಯಾಕೆ ಕಲೀಬೇಕು?” ಅಂತ ಕೇಳಬಹುದು. ಯಂತ್ರ ತೋರಿಸಿದ್ದು ಸರಿಯೋ ತಪ್ಪೋ ಅಂತ ಹೇಳೋರು ಯಾರು? ಗೊತ್ತಿದ್ದವರೇ ಹೇಳಬೇಕು. ಕ್ಯಾಲ್ಕುಲೇಟರ್ ಇದ್ದರೂ ಮಗ್ಗಿ ಬೇಕಲ್ಲ, ಹಾಗೆ.

ಗುರುಗಳಲ್ಲಿ ಒಂದು ವಿನಂತಿ. ಮಕ್ಕಳು ಮುಟ್ಟಿದರೆ ಕೆಡುತ್ತದೆ ಅಂತ ಬೀಗ ಹಾಕಬೇಡಿ. ಮುಟ್ಟದೆ ಇಟ್ಟರೆ ಬೂಷ್ಟು ಬಂದು ತಾನಾಗಿಯೇ ಕೆಡುತ್ತದೆ. ಪ್ರತಿ ತರಗತಿಯಿಂದ ಇಬ್ಬರಿಗೆ, ಅದರಲ್ಲಿ ಒಬ್ಬ ಹುಡುಗಿಗೆ, ಜೋಡಿಸುವುದನ್ನು ಕಲಿಸಿ. ಅವರು ಉಳಿದವರಿಗೆ ಕಲಿಸಲಿ. ನೋಡುವ ಸಾಲಿನಲ್ಲಿ ಚಿಕ್ಕವರು ಮುಂದೆ ನಿಲ್ಲಲಿ, ಅವರಿಗೆ ಬೇಗ ನಿದ್ದೆ ಬರುತ್ತದೆ. ಹಿರಿಯರನ್ನೂ ಕರೆಯೋಣ.

ಉತ್ತರ ಬರೆಯಿರಿ
1. ರಾತ್ರಿ 9 ಗಂಟೆ 15 ನಿಮಿಷ. ವಲಯ ಸೊನ್ನೆ ಕೊಟ್ಟರೆ ಯಂತ್ರಕ್ಕೆ ಯಾವ ಸಮಯ ಬರೆಯಬೇಕು?
2. 650 ಮಿ.ಮೀ. ದೂರದರ್ಶಕಕ್ಕೆ 10 ಮಿ.ಮೀ. ಐಪೀಸ್ ಹಾಕಿದರೆ ಎಷ್ಟು ಪಟ್ಟು?
3. ಚಿತ್ತಾ ಮಳೆಯ ದಿನಗಳಲ್ಲಿ ಚಿತ್ತಾ ನಕ್ಷತ್ರ ನಡುರಾತ್ರಿ ಕಾಣ್ತದೆಯೇ? ಯಾಕೆ?

ಹೆಸರು, ತರಗತಿ ಬರೆದು ಈ ಹಾಳೆಯ ಕೆಳಗಿನ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.